ಜನರೇಟರ್‌ಗೆ ಕೊಡೆ ಸಾಕು, ಕೋಣೆ ಬೇಡ

ಮೊನ್ನೆ ಭಾವ ಒಂದು ಫೋಟೊ ಕಳಿಸಿದರು. ಪ್ಲೈವುಡ್ಡಿನ ದೊಡ್ಡ ಪೆಟ್ಟಿಗೆ. ಎರಡು ಬಾಗಿಲು, ಹಿತ್ತಾಳೆ ಚಿಲಕ, ಹಸಿರು ಪೇಂಟ್. ಸದ್ದು ಕಡಿಮೆಯಾಗಲಿ ಅಂತ ಒಳಗೆಲ್ಲ ಥರ್ಮೊಕೋಲ್ ಮೆತ್ತಿದ್ದರು. ನಡುವೆ ಹೊಸ ಜನರೇಟರ್, ತೊಟ್ಟಿಲಲ್ಲಿ ಮಲಗಿಸಿದ ಮಗುವಿನ ಹಾಗೆ. ಕೆಳಗೆ ಒಂದೇ ಸಾಲು: "ಹೇಗಿದೆ ನನ್ನ ಕೈಕೆಲಸ?"

ನಾನು ಹೊಗಳಲಿಲ್ಲ. ಫೋನ್ ಮಾಡಿದೆ.

"ಭಾವ, ಇದರೊಳಗಿಟ್ಟು ಓಡಿಸಿದ್ದೀರಾ?"

"ಇನ್ನೂ ಇಲ್ಲಪ್ಪ. ಇವತ್ತು ರಾತ್ರಿ ಕರೆಂಟ್ ಹೋದರೆ ನೋಡಬೇಕು."

"ಬೇಡ, ನೋಡೋಕೆ ಹೋಗಬೇಡಿ."

ಅವರಿಗೆ ಬೇಜಾರಾಯಿತು. ಆಗಲೇಬೇಕು, ಮೂರು ಭಾನುವಾರದ ಕೆಲಸ. ಆದರೆ ಆ ಪೆಟ್ಟಿಗೆ ಕಂಡು ನಾನು ಗಾಬರಿಯಾಗಿದ್ದಕ್ಕೆ ಕಾರಣವಿದೆ. ನಾಲ್ಕು ವರ್ಷದ ಹಿಂದೆ ಇಂಥದ್ದೇ ಒಂದನ್ನು ನಾನೂ ಮಾಡಿದ್ದೆ. ಮಳೆ ಬೀಳಬಾರದು, ಕಳ್ಳರು ಒಯ್ಯಬಾರದು, ಪಕ್ಕದ ಮನೆಯವರ ನಿದ್ದೆ ಕೆಡಬಾರದು. ಮೂರೂ ಒಳ್ಳೆಯ ಯೋಚನೆಗಳೇ. ಗಾಳಿಗೆ ಅಂತ ಕೆಳಗೆ ಅಂಗೈ ಅಗಲದ ಎರಡು ತೂತು ಬೇರೆ ಕೊರೆದಿದ್ದೆ. ಧಾರಾಳವಾಯಿತು ಅಂದುಕೊಂಡಿದ್ದೆ.

ಮೊದಲ ಹತ್ತು ನಿಮಿಷ ಬಹಳ ಖುಷಿ. ಸದ್ದೇ ಇಲ್ಲ. ಆಮೇಲೆ ಎಂಜಿನ್ನಿನ ಸ್ವರ ಬದಲಾಯಿತು. ಒಮ್ಮೆ ಏರುವುದು, ಒಮ್ಮೆ ಇಳಿಯುವುದು. ಮನೆಯೊಳಗಿನ ಬಲ್ಬುಗಳೂ ಅದೇ ತಾಳಕ್ಕೆ ಮಂಕಾಗುತ್ತಿದ್ದವು, ಬೆಳಗುತ್ತಿದ್ದವು. ಹೋಗಿ ಬಾಗಿಲು ತೆಗೆದೆ. ಒಲೆಯ ಬಾಯಿ ತೆರೆದ ಹಾಗೆ ಬಿಸಿ ಮುಖಕ್ಕೆ ಹೊಡೆಯಿತು, ಕಣ್ಣು ಉರಿಯಿತು. ಆಫ್ ಮಾಡಿ, ಆರಿದ ಮೇಲೆ ಟಾರ್ಚ್ ಹಾಕಿ ನೋಡಿದರೆ ಸೈಲೆನ್ಸರ್ ಎದುರಿನ ಪ್ಲೈವುಡ್ಡಿನ ಮೇಲೆ ತಟ್ಟೆಯಷ್ಟು ಅಗಲದ ಕಂದು ಮಚ್ಚೆ. ಅಂಚಿನಲ್ಲಿ ಪೇಂಟ್ ಗುಳ್ಳೆ ಎದ್ದಿತ್ತು. ಪೆಟ್ರೋಲ್ ಟ್ಯಾಂಕ್ ಅಲ್ಲಿಂದ ಒಂದು ಗೇಣು ದೂರ.

ಆಮೇಲೆ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು, ಬಿಡಿ. ಸಣ್ಣ ಪೆಟ್ರೋಲ್ ಜನರೇಟರ್ ತಾನು ಸುಡುವ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲನ್ನು ಮಾತ್ರ ಕರೆಂಟ್ ಮಾಡುತ್ತದೆ. ಉಳಿದದ್ದೆಲ್ಲ ಬಿಸಿ. ಅಂದರೆ ನೀವು 2 ಕಿಲೋವ್ಯಾಟ್ ಲೋಡ್ ಹಾಕಿದರೆ ಅದರ ಜೊತೆಗೆ ಸುಮಾರು 8 ಕಿಲೋವ್ಯಾಟ್ ಬಿಸಿ ಹುಟ್ಟುತ್ತದೆ. 2000 ವ್ಯಾಟಿನ ನಾಲ್ಕು ಹೀಟರ್‌ಗಳನ್ನು ಒಂದು ಬೀರುವಿನಲ್ಲಿಟ್ಟು ಬಾಗಿಲು ಹಾಕಿದ ಹಾಗೆ. ಅದರ ಮೇಲೆ ಉಸಿರಾಟ ಬೇರೆ. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ, ಪ್ರತಿ ಲೀಟರಿಗೆ ಸುಮಾರು 9 ಘನ ಮೀಟರ್ ಗಾಳಿ. ಇದು ಉರಿಯಲಿಕ್ಕೆ ಮಾತ್ರ. ಎಂಜಿನ್ ತಣ್ಣಗಿರಲು ಫ್ಯಾನ್ ಎಳೆಯುವ ಗಾಳಿ ಇದಕ್ಕಿಂತ ಎಷ್ಟೋ ಜಾಸ್ತಿ. ನನ್ನ ಎರಡು ಅಂಗೈ ತೂತುಗಳು ಯಾವ ಮೂಲೆಗೆ? ಬಿಸಿ ಗಾಳಿಯೇ ಸುತ್ತಿ ಸುತ್ತಿ ಮತ್ತೆ ಫ್ಯಾನಿಗೆ ಹೋಗುತ್ತಿತ್ತು.

ಇಷ್ಟೇ ಆಗಿದ್ದರೆ ಮಿಷನ್ ಹಾಳಾಯಿತು ಅಂತ ಸುಮ್ಮನಾಗಬಹುದಿತ್ತು. ನಿಜವಾದ ಭಯ ಕಾರ್ಬನ್ ಮೊನಾಕ್ಸೈಡ್, ಪೆಟ್ರೋಲ್ ಪೂರ್ತಿ ಉರಿಯದಿದ್ದಾಗ ಹೊಗೆಯ ಜೊತೆ ಬರುವ ವಿಷದ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯ ವಾಸನೆ ಬರದಿದ್ದರೆ ಪರವಾಗಿಲ್ಲ ಅನ್ನುವವರಿದ್ದಾರೆ. ನಮ್ಮ ಮೂಗಿಗೆ ಸಿಗುವುದು ಹೊಗೆಯಲ್ಲಿರುವ ಬೇರೆ ವಸ್ತುಗಳು, ಈ ಅನಿಲವಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬೇಗ ಬಿಡುವುದೂ ಇಲ್ಲ. ಹೊರಗಿನ ಒಳ್ಳೆ ಗಾಳಿಗೆ ಬಂದು ಕೂತರೂ ಅರ್ಧದಷ್ಟು ಇಳಿಯಲು ನಾಲ್ಕೈದು ಗಂಟೆ ಬೇಕು. ಅದಕ್ಕೇ ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಡುವುದು.

ಶುರುವಿನಲ್ಲಿ ತಲೆನೋವು, ತಲೆ ಸುತ್ತು, ವಾಕರಿಕೆ, ಸುಸ್ತು. ಕರೆಂಟಿಲ್ಲದ ರಾತ್ರಿ, ಸೆಕೆ, ಸರಿಯಾಗಿ ನಿದ್ದೆಯಿಲ್ಲ. ತಲೆನೋವು ಬಂದರೆ ಯಾರು ತಾನೆ ಜನರೇಟರ್ ಮೇಲೆ ಅನುಮಾನ ಪಡುತ್ತಾರೆ? ಮಾತ್ರೆ ನುಂಗಿ ಮಲಗುತ್ತಾರೆ. ಮಲಗಿದವರಿಗೆ ಮುಂದಿನದು ಗೊತ್ತಾಗುವುದೇ ಇಲ್ಲ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು ಬಂತು, ಜ್ವರ ಮಾತ್ರ ಇಲ್ಲ ಅಂದರೆ ಮೊದಲು ಎಲ್ಲರೂ ಹೊರಗೆ ಬನ್ನಿ. ಆಸ್ಪತ್ರೆಗೆ ಫೋನ್ ಹೊರಗೆ ನಿಂತೇ ಮಾಡಿ. ಜನರೇಟರ್ ಒಳಗೆಲ್ಲೋ ಓಡುತ್ತಿದ್ದರೆ ಆಫ್ ಮಾಡಲು ಅಂತ ಮತ್ತೆ ಒಳಗೆ ನುಗ್ಗಬೇಡಿ.

ಭಾವ ಕೇಳಿದರು, "ಹಾಗಾದರೆ ಕಾರ್ ಶೆಡ್ಡಿನಲ್ಲಿಟ್ಟು ಶಟರ್ ಪೂರ್ತಿ ತೆಗೆದಿಟ್ಟರೆ?" ಬೇಡ. ಒಂದು ಕಡೆ ತೆರೆದಿದ್ದರೆ ಗಾಳಿ ಹಾದುಹೋಗುವುದಿಲ್ಲ, ಅಲ್ಲಲ್ಲೇ ಸುತ್ತುತ್ತದೆ. ಶೆಡ್ಡಿನಿಂದ ಮನೆಯೊಳಗೆ ಬಾಗಿಲಿದ್ದರಂತೂ ಮುಗಿದೇ ಹೋಯಿತು. ಇನ್ನೊಂದು ಕೆಟ್ಟ ಗುಣ ಇದೆ. ಮುಚ್ಚಿದ ಜಾಗದಲ್ಲಿ ಆಮ್ಲಜನಕ ಇಳಿದಷ್ಟೂ ಪೆಟ್ರೋಲ್ ಸರಿಯಾಗಿ ಉರಿಯುವುದಿಲ್ಲ, ವಿಷದ ಅನಿಲ ಇನ್ನೂ ಜಾಸ್ತಿ ಹುಟ್ಟುತ್ತದೆ. ಮೊದಲ ಅರ್ಧ ಗಂಟೆ ಏನೂ ಆಗಲಿಲ್ಲ ಅನ್ನುವ ಧೈರ್ಯ ಎರಡನೇ ಅರ್ಧ ಗಂಟೆಗೆ ನಡೆಯುವುದಿಲ್ಲ. ಈ ಅನಿಲ ಗಾಳಿಗಿಂತ ಭಾರ, ಕೆಳಗೇ ಕೂರುತ್ತೆ, ನಾವು ಮಹಡಿ ಮೇಲೆ ಮಲಗ್ತೀವಿ ಅನ್ನುವ ಮಾತನ್ನೂ ಕೇಳಿದ್ದೇನೆ. ಅದರ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ. ಎಲ್ಲ ಕಡೆಗೂ ಬೆರೆಯುತ್ತದೆ.

ಸೈಲೆನ್ಸರ್‌ಗೆ ಪೈಪ್ ಕಟ್ಟಿ ಗೋಡೆಯಾಚೆ ಬಿಡುವ ಜಾಣರೂ ಇದ್ದಾರೆ. ನೆಲಕ್ಕೆ ಬೋಲ್ಟ್ ಹಾಕಿ ಕೂರಿಸುವ ದೊಡ್ಡ ಸೆಟ್ಟುಗಳಿಗೆ ಅದನ್ನು ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಕೈಯಲ್ಲಿ ಎತ್ತಿಕೊಂಡು ಹೋಗುವ ಈ ಯಂತ್ರ ಇಡೀ ಮೈ ನಡುಗಿಸಿಕೊಂಡು ಓಡುತ್ತದೆ. ಜಾಯಿಂಟು ಯಾವಾಗ ಸಡಿಲವಾಯಿತು ಅಂತ ತಿಳಿಯುವುದಿಲ್ಲ.

ಹಾಗಾದರೆ ಎಲ್ಲಿಡಬೇಕು? ಹೊರಗೆ, ಮನೆಯಿಂದ ದೂರ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಕನಿಷ್ಠ 20 ಅಡಿ ಅನ್ನುತ್ತದೆ, ಅಂದರೆ 6 ಮೀಟರ್. ಹೊಗೆಯ ಬಾಯಿ ಮನೆಯ ಕಡೆಗೆ ಇರಬಾರದು. ಗಾಳಿ ಮನೆ ದಾಟಿ ಆಚೆ ಹೋಗುವ ಕಡೆ ಇಟ್ಟರೆ ಸಾಕು ಅಂತ ನಾನೂ ನಂಬಿದ್ದೆ. ಪೂರ್ತಿ ನಿಜವಲ್ಲ. ಗೋಡೆಯ ಹಿಂದೆ ಗಾಳಿ ಸುಳಿ ತಿರುಗುತ್ತದೆ. ಹತ್ತಿರವಿಟ್ಟರೆ ಹೊಗೆ ಆ ಸುಳಿಗೆ ಸಿಕ್ಕಿ ಗೋಡೆಯ ಕಡೆಗೇ ವಾಪಸ್ ಬರುತ್ತದೆ. ಅಗರಬತ್ತಿ ಹಚ್ಚಿ ಅಲ್ಲಿ ನಿಂತು ನೋಡಿ, ಹೊಗೆ ಯಾವ ಕಡೆ ಹೋಗುತ್ತೆ ಅಂತ ಕಾಣುತ್ತದೆ.

ಯಾರೂ ಹೇಳದ ಸಣ್ಣ ವಿಷಯ ಕಿಟಕಿಯದ್ದು. ಜನರೇಟರ್ ದೂರವಿಟ್ಟಿರುತ್ತೇವೆ, ಎಲ್ಲ ಸರಿ. ವೈರನ್ನು ಒಳಗೆ ತರಲು ಕಿಟಕಿಯನ್ನು ಎರಡು ಬೆರಳು ತೆರೆದಿಡುತ್ತೇವೆ. ಅದೂ ಜನರೇಟರ್ ಕಡೆಯ ಕಿಟಕಿಯನ್ನೇ, ವೈರ್ ಸಾಲಬೇಕಲ್ಲ! ಆ ಸಂದು ಸಾಕು. ಉದ್ದನೆಯ, ದಪ್ಪನೆಯ, ಹೊರಗೆ ಬಳಸುವಂಥ ವೈರ್ ತಂದು ಇನ್ನೊಂದು ಕಡೆಯಿಂದ ತನ್ನಿ. ಸಂದಿಗೆ ಬಟ್ಟೆ ತುರುಕಿ.

ಮಳೆಗೆ ಏನು ಮಾಡೋದು? ಕೊಡೆ. ನಾಲ್ಕು ಕಬ್ಬಿಣದ ಕಂಬ, ಮೇಲೊಂದು ಇಳಿಜಾರಿನ ತಗಡಿನ ಶೀಟು, ನಾಲ್ಕೂ ಕಡೆ ಖಾಲಿ. ನನ್ನದು ನಾನು ತಲೆ ಬಗ್ಗಿಸದೆ ನಿಲ್ಲುವಷ್ಟು ಎತ್ತರ ಇದೆ. ಎರಚಲು ತಾಗದಿರಲಿ ಅಂತ ಶೀಟನ್ನು ಜನರೇಟರ್‌ಗಿಂತ ಎಲ್ಲ ಕಡೆಗೂ ಚೆನ್ನಾಗಿ ಹೊರಗೆ ಚಾಚಿಸಿದ್ದೇನೆ. ಸುತ್ತ ಐದು ಅಡಿಯಲ್ಲಿ ಗೋಡೆ, ಸೌದೆ, ಗಿಡ ಏನೂ ಇಲ್ಲ. ಕೆಳಗೆ ಸಿಮೆಂಟಿನ ಮಟ್ಟಸವಾದ ಕಟ್ಟೆ. ಓರೆಯಾಗಿದ್ದರೆ ಆಯಿಲ್ ಕಡಿಮೆಯಾಗಿದೆ ಅಂದುಕೊಂಡು ಎಂಜಿನ್ ತಾನಾಗಿ ನಿಲ್ಲುತ್ತದೆ, ನೀವು ಕಾರಣ ಹುಡುಕುತ್ತಾ ಒದ್ದೆಯಾಗುತ್ತೀರಿ. ಗಾಳಿ ಮಳೆ ಜೋರಾದರೆ ಆಫ್ ಮಾಡುತ್ತೇನೆ, ಕತ್ತಲಲ್ಲಿ ಕೂರುತ್ತೇನೆ. ಓಡುತ್ತಿರುವಾಗ ಟಾರ್ಪಾಲ್ ಹೊದಿಸುವುದು ಪೆಟ್ಟಿಗೆಗಿಂತ ಕೆಟ್ಟದ್ದು. ಕಳ್ಳರ ಭಯಕ್ಕೆ ಕಟ್ಟೆಯಲ್ಲಿ ಕೊಂಡಿ ಹೂತು ಸರಪಳಿ ಹಾಕಿದ್ದೇನೆ. ಸದ್ದಿಗೆ ದೂರವೇ ಮದ್ದು. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ.

ಪೆಟ್ರೋಲ್ ತುಂಬುವ ಮುಂಚೆ ಆಫ್ ಮಾಡಿ, ಆರಲು ಬಿಡಿ. ನಾನು ಇಪ್ಪತ್ತು ನಿಮಿಷ ಕಾಯುತ್ತೇನೆ. ಗೋಡೆಯ ಪ್ಲಗ್ಗಿಗೆ ಎರಡೂ ಕಡೆ ಪಿನ್ ಇರುವ ವೈರ್ ಚುಚ್ಚಿ ಇಡೀ ಮನೆಗೆ ಕರೆಂಟ್ ಕೊಡುವ ಐಡಿಯಾ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ಲೈನಿಗೆ ವಾಪಸ್ ಹೋಗಿ, ಟ್ರಾನ್ಸ್‌ಫಾರ್ಮರ್‌ನಲ್ಲಿ ಸಾವಿರಾರು ವೋಲ್ಟ್ ಆಗಿ, ಕಂಬ ಹತ್ತಿದ ಲೈನ್‌ಮನ್‌ನನ್ನು ಕೊಲ್ಲಬಹುದು. ಇಡೀ ಮನೆಗೆ ಬೇಕಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಅದು ಮನೆಗೆ ಲೈನ್ ಅಥವಾ ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಜೋಡಿಸುತ್ತದೆ.

ಮಲಗುವ ಕೋಣೆಯ ಹೊರಗೆ ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಒಂದು ಇರಲಿ. ಹೊಗೆಯ ಅಲಾರ್ಮ್ ಬೇರೆ, ಇದು ಬೇರೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಇದೇ ಕೆಲಸಕ್ಕೆ 1986ರವರೆಗೂ ಕ್ಯಾನರಿ ಹಕ್ಕಿಗಳನ್ನು ಪಂಜರದಲ್ಲಿ ಒಯ್ಯುತ್ತಿದ್ದರು. ಹಕ್ಕಿ ವಾಲಿದರೆ ಜನ ಓಡಬೇಕು. ನಮಗೆ ಆ ಪಾಪದ ಕೆಲಸವಿಲ್ಲ, ಸೆಲ್ ಬದಲಿಸಿದರೆ ಆಯಿತು.

ನಿನ್ನೆ ಭಾವ ಎರಡನೇ ಫೋಟೊ ಕಳಿಸಿದರು. ಪೆಟ್ಟಿಗೆ ಈಗ ಹಾರೆ, ಗುದ್ದಲಿ ಇಡುವ ಕಪಾಟಾಗಿದೆ. ಅಂಗಳದ ಮೂಲೆಯಲ್ಲಿ ನಾಲ್ಕು ಕಂಬ ಎದ್ದಿವೆ. ಟೇಪ್ ಹಿಡಿದು ಅಳೆದಿದ್ದಾರೆ, ಅವರ ಮನೆಗೋಡೆಯಿಂದ ಸರಿಯಾಗಿ 21 ಅಡಿ. ನಾನು ಫೋಟೊ ದೊಡ್ಡದು ಮಾಡಿ ನೋಡಿದೆ. ಕಂಬದ ಹಿಂದೆ ಕಾಂಪೌಂಡು, ಕಾಂಪೌಂಡಿನ ಹಿಂದೆಯೇ ಪಕ್ಕದ ಮನೆಯವರ ಕಿಟಕಿ.

ಮತ್ತೆ ಫೋನ್ ಮಾಡಿದೆ. ಮೂರನೇ ಫೋಟೊಗೆ ಕಾಯುತ್ತಿದ್ದೇನೆ.