ರಾಶಿ ಕಾಯುವ ರಾತ್ರಿಗೆ ಒಂದೂವರೆ ಸಾವಿರ

ಕಳೆದ ಜನವರಿಯ ಒಂದು ಶನಿವಾರ, ಪುಣೆ–ಸೋಲಾಪುರ ಹೆದ್ದಾರಿಯಲ್ಲಿ ಯವತ ದಾಟಿದ ಮೇಲೆ ಒಳಗೆ ಹೊರಳುವ ಕಚ್ಚಾ ರಸ್ತೆಯ ಕೊನೆಗಿದ್ದ ಒಂದು ಹೊಲದ ಬಾಗಿಲಲ್ಲಿ, ಹುಡುಗನೊಬ್ಬ ನನ್ನ ಮುಂಗೈಗೆ ಹಳದಿ ಕಾಗದದ ಪಟ್ಟಿಯನ್ನು ಸುತ್ತಿ, ‘ಕಾಕಾ, ಹುರಡಾ ಅನ್‌ಲಿಮಿಟೆಡ್ ಆಹೆ’ ಎಂದ. ತಲೆಗೆ 1,500 ರೂಪಾಯಿ. ಅದರಲ್ಲಿ ಹುರಡಾ, ಪಿಠಲ–ಭಾಕರಿ, ಎತ್ತಿನ ಬಂಡಿಯ ಸವಾರಿ, ರಾತ್ರಿ ಮಲಗಲು ಟೆಂಟು ಎಲ್ಲವೂ ಸೇರಿದ್ದವು. ಇವರ ಹುರಡಾ ಎಂದರೆ ನಮ್ಮ ಸೀತನಿ, ಕೆಂಡದಲ್ಲಿ ಸುಟ್ಟು ಉಜ್ಜಿದ ಹಸಿ ಜೋಳದ ಕಾಳು. ತಾಳಿಕೋಟಿಯ ಕಡೆ ಡೋಣಿ ಹೊಳೆಯ ದಂಡೆಯ ಎರೆಹೊಲದಲ್ಲಿ ಅದನ್ನು ಹೊಟ್ಟೆ ಬಿರಿಯುವಂತೆ ತಿಂದು ಬೆಳೆದವನಿಗೆ ಕೈಗೆ ಪಟ್ಟಿ ಕಟ್ಟಿಸಿಕೊಂಡು ತಿನ್ನುವ ಕಾಲ ಬಂತಲ್ಲ ಎಂದು ಮನಸ್ಸು ಮುದುಡುತ್ತಿರುವಾಗಲೇ, ಪುಣೆಯಲ್ಲಿಯೇ ಹುಟ್ಟಿ ಬೆಳೆದ ನನ್ನ ಮಗಳು ಕೇಳಿದಳು: ‘ಅಪ್ಪಾ, ಮುತ್ಯಾನ ಹೊಲದಾಗ ಎಷ್ಟು ತಗೋತಿದ್ರು?’ ಊರಿನಿಂದ ನಾಲ್ಕು ದಿನ ಇರಲೆಂದು ಬಂದಿದ್ದ ನಮ್ಮ ಅಕ್ಕ ಅದನ್ನು ಕೇಳಿ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು.

ಮುತ್ಯಾ, ಅಂದರೆ ನಮ್ಮ ಅಜ್ಜ, ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಅವನ ಹೊಲದಲ್ಲಿ ಸೀತನಿ ಬೇಕೆಂದಾಗ ಸಿಗುತ್ತಲೂ ಇರಲಿಲ್ಲ. ಹಿಂಗಾರಿ ಜೋಳದ ಕಾಳು ಹಾಲು ತುಂಬಿ, ಇನ್ನೂ ಗಟ್ಟಿಯಾಗದೆ ಹಸಿರಾಗಿ ಮೆತ್ತಗಿರುವ ಎಂಟು ಹತ್ತು ದಿನಗಳಷ್ಟೇ ಅದರ ಆಯುಷ್ಯ. ಎಳ್ಳು ಅಮಾವಾಸ್ಯೆಗೆ ಹೊಲಕ್ಕೆ ಎಡೆಯ ಚರಗ ಚೆಲ್ಲಿ ಬಂದ ಮೇಲೆ ಅವನು ದಿನವೂ ಒಂದು ತೆನೆ ಮುರಿದು, ಕಾಳನ್ನು ಉಗುರಿನಿಂದ ಒತ್ತಿ ನೋಡುತ್ತಿದ್ದ. ‘ನಾಳಿ ಬರ್ರಿ’ ಎಂದು ಅವನ ಬಾಯಿಂದ ಬಂದರೆ ಮರುದಿನ ಓಣಿಯ ಹುಡುಗರೆಲ್ಲ ಹೊಲದಲ್ಲಿಯೇ. ತಗ್ಗು ತೋಡಿ, ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಅಂಗೈ ಉರಿಯುತ್ತಿದ್ದರೂ ಬಿಡದೆ ಉಜ್ಜಿ, ಹೊಟ್ಟು ಊದಿ ಬಾಯಿಗೆ ಹಾಕಿಕೊಂಡರೆ ಬೆಲ್ಲ, ಶೇಂಗಾ ಹಿಂಡಿ, ಕೆನೆಮೊಸರು ತಾವಾಗಿಯೇ ಮುಂದೆ ಬರುತ್ತಿದ್ದವು. ಅದು ಮುಗಿಯಿತೆನ್ನುವಷ್ಟರಲ್ಲಿ ಸುಲಗಾಯಿ ಎಂಬ ಹಸಿ ಕಡಲೆ ಸುಡುವುದು, ಮಸಿ ಮೋರೆಯಲ್ಲಿಯೇ ಚಿಣಿಫಣಿಗೆ (ಚಿನ್ನಿದಾಂಡಿಗೆ) ಇಳಿಯುವುದು, ಮಂಚಿಕೆ ಏರಿ ಪುಂಡಿನಾರಿನ ಕವಣೆ ಬೀಸಿ ಹಕ್ಕಿ ಹಾರಿಸುವುದು. ಕವಣೆಯಿಂದ ಕಲ್ಲು ಹಾರುವುದಕ್ಕಿಂತ ಅದರ ತುದಿ ಗಾಳಿಯಲ್ಲಿ ‘ಫಟ್’ ಎನ್ನುವುದೇ ನಮಗೆ ದೊಡ್ಡ ವಿದ್ಯೆಯಾಗಿತ್ತು.

ಟೆಂಟಿಲ್ಲದ ನಮ್ಮ ಕ್ಯಾಂಪು ನಡೆಯುತ್ತಿದ್ದುದು ಸುಗ್ಗಿಯಲ್ಲಿ, ಕಣದ ಮೇಲೆ. (ಕ್ಯಾಂಪು ಎಂಬ ಶಬ್ದ ಆಗ ನಮಗೆ ಗೊತ್ತಿದ್ದದ್ದು ಕಣ್ಣಿನ ಪೊರೆ ತೆಗೆಯುವ ಕ್ಯಾಂಪಿನಿಂದ ಮಾತ್ರ.) ನೆಲ ಕೆತ್ತಿ, ನೀರು ಹೊಡೆದು, ಸಗಣಿ ಸಾರಿಸಿ ಮಾಡಿದ ಕಣದ ನಡುವೆ ಮೇಟಿ, ಅದಕ್ಕೆ ಕಟ್ಟಿದ ಎತ್ತುಗಳು ಸಾಲಾಗಿ ತೆನೆ ತುಳಿಯುತ್ತ ಸುತ್ತುತ್ತಿದ್ದರೆ, ಹಿಂದಿನಿಂದ ದೊಡ್ಡವರ ಹಂತಿಯ ಪದ. ಎತ್ತು ಬಾಲ ಎತ್ತಿದ ಕೂಡಲೇ ಓಡಿ, ಸಗಣಿ ಕಾಳಿನ ಮೇಲೆ ಬೀಳದಂತೆ ಬುಟ್ಟಿ ಹಿಡಿಯುವುದು ನಮ್ಮ ಕೆಲಸವಾಗಿತ್ತು. ಬುಟ್ಟಿ ಸಿಗದಿದ್ದರೆ ಎರಡೂ ಕೈ ಚಾಚಬೇಕು, ಚಾಚುತ್ತಿದ್ದೆವು. ತೂರಿ ರಾಶಿಯಾದ ಮೇಲೆ ಅದು ಮನೆ ಸೇರುವವರೆಗೆ ಯಾರಾದರೂ ಕಣದಲ್ಲಿ ಮಲಗಲೇಬೇಕು. ಮುತ್ಯಾ, ಕಾಕಾ, ನಾನು, ನಮ್ಮ ನಾಯಿ. ಕೆಳಗೆ ಜೋಳದ ದಂಟಿನ ಕಣಿಕಿ, ಮೇಲೆ ಕೌದಿ. ಮುತ್ಯಾನ ತಲೆದಿಂಬಿನ ಬಳಿ ಬಡಿಗೆ, ನನ್ನ ಬಳಿ ಕವಣೆ. ಆ ಕವಣೆಯಿಂದ ಯಾವ ಕಳ್ಳನನ್ನೂ ಓಡಿಸಲಾಗದು ಎಂಬುದು ಅವನಿಗೆ ತಿಳಿದಿತ್ತು. ಆದರೂ ಮಲಗುವ ಮುಂಚೆ ‘ಕಲ್ಲು ಆರಿಸಿ ಇಟಗೊಂಡಿಯೇನೋ?’ ಎಂದು ಗಂಭೀರವಾಗಿಯೇ ಕೇಳುತ್ತಿದ್ದ. ರಾತ್ರಿಯಲ್ಲಿ ಎಲ್ಲೋ ನರಿ ಕೂಗಿದರೆ ರಾಶಿಯ ಹೊಣೆಯೆಲ್ಲ ನನ್ನ ಮೇಲೆಯೇ ಇದೆ ಎಂದು ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದೆ. ಬೆಳಗ್ಗೆ ಅಳೆಯುವಾಗ ಒಂದು ಎನ್ನದೆ ‘ಲಾಭ’ ಎಂದು ಅವನು ಮೊದಲ ಸೇರು ಎತ್ತಿದರೆ ಆ ಲಾಭದಲ್ಲಿ ನನ್ನ ಪಾಲೂ ಇದೆಯೆಂದು ನಂಬಿದ್ದೆ.

ಯವತದ ಹೊಲದಲ್ಲಿ ಕಾಯುವುದಕ್ಕೆ ಏನೂ ಇರಲಿಲ್ಲ. ಆಟಗಳಿಗೆ ವೇಳಾಪಟ್ಟಿ ಇತ್ತು: ನಾಲ್ಕರಿಂದ ಐದು ವಿಟಿದಾಂಡು (ನಮ್ಮ ಚಿಣಿಫಣಿ), ಆಮೇಲೆ ಬುಗುರಿ, ಆಮೇಲೆ ಲಗೋರಿ. ದಾಂಡಿಗೆ ಕೆಂಪು ಹಸಿರು ಬಣ್ಣ ಬಳಿದಿದ್ದರು; ಜಾಲಿಯ ಟೊಂಗೆ ಕಡಿದು, ಕೈಗೆ ಮುಳ್ಳು ಚುಚ್ಚಿಸಿಕೊಂಡು ಚಿಣಿ ಕೆತ್ತಿದವನಿಗೆ ಅದು ಅಂಗಡಿಯ ಬೊಂಬೆಯಂತೆ ಕಂಡಿತು. ಟೆಂಟುಗಳ ಸುತ್ತ ಸರದೀಪ ಹಾಕಿದ್ದರಿಂದ ಚುಕ್ಕಿಗಳನ್ನು ನೋಡಲು ಟಾಯ್ಲೆಟ್ಟಿನ ಹಿಂಭಾಗಕ್ಕೆ ಹೋಗಬೇಕಾಯಿತು. ಬೆಳಗ್ಗೆ ಆರಕ್ಕೆ ನವಿಲುಗರಿಯ ಟೊಪ್ಪಿಗೆಯ, ಹಾಡಿ ಬೇಡುವ ವಾಸುದೇವ ಟೆಂಟಿನಿಂದ ಟೆಂಟಿಗೆ ಹಾಡುತ್ತ ಬಂದ. ಚೆನ್ನಾಗಿಯೇ ಹಾಡಿದ, ಆದರೆ ಅವನ ಜೋಳಿಗೆಗೆ ಕಾಳು ಹಾಕಬೇಕೆಂದರೆ ನನ್ನ ಹತ್ತಿರ ಇದ್ದದ್ದು ಫೋನಿನಲ್ಲಿಯ ದುಡ್ಡು.

ಇಷ್ಟೆಲ್ಲ ಗೊಣಗಿದ ಮೇಲೂ ಒಂದು ಮಾತನ್ನು ಹೇಳಲೇಬೇಕು. ಆ ಹೊಲದ ಮಾಲೀಕ ಎಂಟೆಂಟು ದಿನಗಳ ಅಂತರದಲ್ಲಿ ತುಂಡು ತುಂಡು ಹೊಲಕ್ಕೆ ಸುರತಿ, ಗುಲಭೇಂಡಿ ಜೋಳ ಬಿತ್ತುತ್ತಾನೆ. ಹೀಗಾಗಿ ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಅವನಲ್ಲಿ ಎಲ್ಲಿಯಾದರೂ ಒಂದು ಪಟ್ಟಿಯಲ್ಲಿ ಹಾಲುಗಾಳು ಇದ್ದೇ ಇರುತ್ತದೆ. ಮುತ್ಯಾ ಉಗುರಿನಿಂದ ನೋಡುತ್ತಿದ್ದುದನ್ನು ಇವನು ಪಂಚಾಂಗವನ್ನಾಗಿ ಮಾಡಿದ್ದಾನೆ. 2020ರಲ್ಲಿ ಮಹಾರಾಷ್ಟ್ರ ಸರಕಾರ ಕೃಷಿ ಪ್ರವಾಸೋದ್ಯಮಕ್ಕೆಂದೇ ಒಂದು ನೀತಿಯನ್ನು ತಂದಿತು. ಬಸವಣ್ಣನವರು ಕರಣಿಕರಾಗಿದ್ದ ಮಂಗಳವೇಢೆಯ ಜೋಳಕ್ಕೆ ಇವರು ಭೌಗೋಳಿಕ ಗುರುತನ್ನೂ (ಜಿಐ) ಪಡೆದಿದ್ದಾರೆ. ನಾವು ತಲೆತಲಾಂತರದಿಂದ ಬಂದದ್ದೆಂದು ನಂಬಿ ತಿನ್ನುವ ಮಾಲದಂಡಿ ಜೋಳದ ಎಂ 35-1 ತಳಿಯನ್ನೂ 1930ರ ದಶಕದಲ್ಲಿ ಆರಿಸಿ ತೆಗೆದದ್ದು ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ. ಡೋಣಿಯಾದರೂ ಹುಟ್ಟುವುದು ಇವರ ಜತ್ತ ತಾಲೂಕಿನಲ್ಲಿಯೇ. ನಮ್ಮ ಪಾಲಿಗೆ ಉಳಿದದ್ದು ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ಗಾದೆ.

ಇದನ್ನೆಲ್ಲ ನಮ್ಮ ಕಾಕಾನ ಮಗನಿಗೆ ಫೋನಿನಲ್ಲಿ ಹೇಳಿ, ನಮ್ಮ ಎರೆಯಲ್ಲಿಯೂ ನಾಲ್ಕು ಟೆಂಟು ಹಾಕಬಾರದೇಕೆ ಎಂದು ಕೇಳಿದೆ. ‘ಹೊಲಕ್ಕ ಬಂದವರ ಕಡೆ ರೊಕ್ಕ ಕೇಳೂದಾ? ಮಂದಿ ಏನಂದಾರು?’ ಎಂದ. ಸರಿ, ರೊಕ್ಕ ಕೇಳಬೇಡ, ಸುಮ್ಮನೆ ಕರೆಯುವುದಾದರೂ ಕರೆಯುತ್ತೀಯಾ ಎಂದರೆ ಅವನಲ್ಲಿ ಜೋಳವೇ ಇಲ್ಲ. ಹೊಲವೆಲ್ಲ ತೊಗರಿ; ನೀರು ಬಂದವರದು ಕಬ್ಬು. ಮನೆಗೆಂದು ಎರಡು ಎಕರೆ ಜೋಳ ಬಿತ್ತಿದ ವರ್ಷವೂ ಮಶಿನ್ನು ಬಂದು ಮಧ್ಯಾಹ್ನದೊಳಗೆ ರಾಶಿ ಮುಗಿಸಿ ಹೋಗುತ್ತದೆ. ಕಣ ಮಾಡುವವರಿಲ್ಲ, ಕಾಯುವವರೂ ಇಲ್ಲ. ರೊಕ್ಕ ಕೇಳಲು ನಾಚಿಕೊಂಡೆವು. ಮರೆಯುವಾಗ ಮಾತ್ರ ಯಾರಿಗೂ ನಾಚಿಕೆ ಬರಲಿಲ್ಲ. ಈ ಮರೆವಿನಲ್ಲಿ ನನ್ನ ಪಾಲೂ ಇದೆ. ಹೊಲ ಬಿಟ್ಟು ಪುಣೆ ಸೇರಿ 22 ವರ್ಷಗಳಾದವು; ಸುಗ್ಗಿಗೆಂದು ರಜೆ ಹಾಕಿ ಊರಿಗೆ ಹೋದದ್ದು ಒಂದು ಬಾರಿಯೂ ನೆನಪಿಲ್ಲ.

ಆದರೂ ಮುತ್ಯಾನ ಕಣದ ರಾತ್ರಿಯೇ ರಾತ್ರಿ, ಇದು ಬರಿಯ ವೇಷ ಎಂದು ತೀರ್ಮಾನಿಸಿ ನಾನು ಇಲ್ಲಿಗೆ ನಿಲ್ಲಿಸುತ್ತಿದ್ದೆನೇನೋ, ಅಕ್ಕ ಜೊತೆಯಲ್ಲಿ ಬರದೇ ಇದ್ದಿದ್ದರೆ. ಅಂದು ರಾತ್ರಿ ಊಟವಾದ ಮೇಲೆ ಅವಳು ಟೆಂಟಿನೊಳಗೆ ಮಲಗಲು ಒಪ್ಪದೆ, ಮಾಲೀಕನಿಂದ ಒಂದು ಕಂಬಳಿ ಕೇಳಿ ಪಡೆದು, ಜೋಳದ ಬದುವಿಗೆ ಹೊಂದಿಕೊಂಡು ಅಡ್ಡಾದಳು. ಹುಳಹುಪ್ಪಡಿ ಇರುತ್ತವೆ ಎಂದರೂ ಕೇಳಲಿಲ್ಲ. ನಾನೂ ಪಕ್ಕದಲ್ಲಿ ಕುಳಿತೆ. ತುಂಬ ಹೊತ್ತು ಮೇಲೆ ನೋಡುತ್ತಿದ್ದು, ‘ತಮ್ಮಾ, ಹೊಲ ರಾತ್ರಿ ಹಿಂಗ ಇರತದೇನು?’ ಎಂದು ಕೇಳಿದಳು.

ಸುಗ್ಗಿಯ ತಿಂಗಳು ಪೂರ್ತಿ ದಿನವೂ ತಲೆಯ ಮೇಲೆ ಬುತ್ತಿ ಹೊತ್ತು ನಮ್ಮೆಲ್ಲರಿಗೂ ರೊಟ್ಟಿ ತಂದವಳು ಅವಳು. ಜೋಳ ಕೊಯ್ದು ತೆನೆ ಮುರಿದವಳೂ ಹೌದು. ಆದರೆ ಹೊತ್ತು ಮುಳುಗುವ ಮೊದಲು ಅವಳನ್ನೂ ಅವ್ವನನ್ನೂ ಬಂಡಿಯಲ್ಲಿ ಕೂರಿಸಿ ಮನೆಗೆ ಕಳಿಸುತ್ತಿದ್ದರು. ಹೆಣ್ಣುಮಕ್ಕಳು ಕಣದಲ್ಲಿ ಮಲಗುವ ಮಾತೇ ಇರಲಿಲ್ಲ. ನನಗಿಂತ ಆರು ವರ್ಷ ದೊಡ್ಡವಳಾದ ಅವಳು ಆ ರಾಶಿಯನ್ನು ನನಗಿಂತ ಚೆನ್ನಾಗಿ ಕಾಯುತ್ತಿದ್ದಳು ಎಂಬುದು ಇಷ್ಟು ವರ್ಷ ನನ್ನ ತಲೆಗೆ ಹೊಳೆದಿರಲಿಲ್ಲ. ನಾನು ಬರೆಯುತ್ತ, ಹೇಳುತ್ತ, ಮಗಳ ಮುಂದೆ ಬೀಗುತ್ತ ಬಂದ ಆ ರಾತ್ರಿಗಳನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.

ಮರುದಿನ ಹೊರಡುವಾಗ ನಾನು ಫೋನು ತೆಗೆದು ನಾಲ್ವರ ಲೆಕ್ಕವನ್ನು ಒಟ್ಟಿಗೆ ತೀರಿಸಲು ಹೋದೆ. ಅಕ್ಕ ತಡೆದಳು. ಸೊಂಟದ ಸಂಚಿ ಬಿಚ್ಚಿ, ಮಡಿಕೆ ಮಡಿಕೆಯಾಗಿದ್ದ ನೋಟುಗಳನ್ನು ಬಿಡಿಸಿ, ತನ್ನ ಒಂದೂವರೆ ಸಾವಿರವನ್ನು ಆ ಹುಡುಗನ ಕೈಯಲ್ಲಿ ತಾನೇ ಎಣಿಸಿ ಇಟ್ಟಳು. ಕೈಗೆ ಕಟ್ಟಿದ್ದ ಹಳದಿ ಪಟ್ಟಿಯನ್ನು ಪುಣೆಗೆ ಬಂದ ಮೇಲೂ ಎರಡು ದಿನ ಬಿಚ್ಚಲಿಲ್ಲ.