ನದಿ ನಾರುತ್ತಿದೆ, ನಿಮಗೆ ಅರಿವಿದೆಯೇ?

ಅಕ್ಕನ ಮಗಳು ಪರಿಸರ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಾಳಂತೆ ಎಂದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವ ನಾನು. ನಮ್ಮ ಮನೆ ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಿಂದ ಕೂಗಳತೆಯಲ್ಲಿ ಉಂಟು. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂದು ತಿಳಿಯಲು ನಮಗೆ ಹವಾಮಾನ ಇಲಾಖೆ ಬೇಡ, ಮೂಗು ಸಾಕು. ಹಿತ್ತಿಲ ಆಚೆಗೊಂದು ತೋಡು ಹರಿದು ಫಲ್ಗುಣಿ ನದಿಗೆ ಸೇರುತ್ತದೆ. ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಅದರಲ್ಲಿ ಬೈರಾಸು (ಟವೆಲು) ಹಿಡಿದು ಮೀನು ಹಿಡಿಯುತ್ತಿದ್ದೆವು. ಈಗ ಆ ನೀರಿಗೆ ಕಾಲು ಹಾಕಿದರೆ ಕಾಲನ್ನೇ ಬೇರೆ ನೀರಲ್ಲಿ ತೊಳೆಯಬೇಕು. ‘ಸರಿ, ನಮ್ಮ ಮನೆಯ ಹುಡುಗಿಯೇ ಈ ತೋಡಿನ ಜಾತಕ ಬರೆಯುತ್ತಾಳೆ’ ಎಂದು ಊರಿಡೀ ಹೇಳಿಕೊಂಡು ಬಂದೆ.

ಅವಳಿಗೂ ಅದೇ ಆಸೆ ಇತ್ತು ಮಾರಾಯ್ರೆ. ಆದರೆ ಗೈಡು ಮೊದಲ ದಿನವೇ ಕನ್ನಡಕ ಕೆಳಗಿಳಿಸಿ ನೋಡಿದರಂತೆ.

“ನದಿ ಯಾಕಮ್ಮ? ನದಿ ಬೇಡ.”

ನದಿ ಯಾಕೆ ಬೇಡ ಅಂದರೆ, ನೀರಿನ ಬಿಓಡಿ, ಅಂದರೆ ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಬಳಸುತ್ತವೆ ಎಂಬ ಲೆಕ್ಕ, ನೋಡಬೇಕಾದರೆ ಸ್ಯಾಂಪಲನ್ನು 27 ಡಿಗ್ರಿಯಲ್ಲಿ 3 ದಿನ ಇನ್‌ಕ್ಯುಬೇಟರಿನಲ್ಲಿ ಇಡಬೇಕು. ಇನ್‌ಕ್ಯುಬೇಟರ್ ರಿಪೇರಿಗೆ ಹೋಗಿದೆ. ಯಾವಾಗ ಹೋಯಿತು? ಹಿಂದಿನ ಗೈಡಿನ ಕಾಲದಲ್ಲಿ. ವಾಪಸ್ ಬಂದರೂ ಮೂರು ದಿನ ಕರೆಂಟು ಹೋಗದೆ ಇರಬೇಕು, ಅದೂ ನಮ್ಮ ಮಳೆಗಾಲದಲ್ಲಿ. ಮತ್ತೆ ಫಲಿತಾಂಶ ಕೆಟ್ಟದ್ದು ಬಂತು ಅಂತಿಟ್ಟುಕೊಳ್ಳಿ, ಯಾರದ್ದೋ ಪೈಪಿನ ಹೆಸರು ಬರೆಯಬೇಕಾಗುತ್ತದೆ. ಒಳ್ಳೆಯದು ಬಂತು ಅಂತಿಟ್ಟುಕೊಳ್ಳಿ, ಯಾರೂ ನಂಬುವುದಿಲ್ಲ.

“ಅರಿವಿನ ಬಗ್ಗೆ ಮಾಡು. ಸರ್ವೆಗೆ ಜೆರಾಕ್ಸ್ ಸಾಕು.”

ಹೀಗೆ ಫಲ್ಗುಣಿ ಬಿದ್ದುಹೋಗಿ, ‘ಕರಾವಳಿಯ ಮೀನುಗಾರ ಮಹಿಳೆಯರಲ್ಲಿ ಸುಸ್ಥಿರತೆಯ ಅರಿವು: ಒಂದು ಅಧ್ಯಯನ’ ಎದ್ದು ನಿಂತಿತು.

ಈ ಪಲ್ಲಟದ ಚಂದ ನನಗೆ ಅರ್ಥವಾಗಲು ಸ್ವಲ್ಪ ಸಮಯ ಬೇಕಾಯಿತು. ನೀರು ಹಾಳಾಗಿದೆಯೋ ಇಲ್ಲವೋ ಎಂದು ಅಳೆಯುವುದು ಕಷ್ಟ, ಖರ್ಚು, ಅಪಾಯ. ನೀರು ಹಾಳಾಗಿರುವುದು ಅದರ ದಡದಲ್ಲಿ ಕೂತವರಿಗೆ ಗೊತ್ತುಂಟೋ ಇಲ್ಲವೋ ಎಂದು ಅಳೆಯುವುದು ಸುಲಭ. ಕೊಳೆ ಮಾಡಿದವನ ಮನೆ ಬಾಗಿಲು ತಟ್ಟುವ ಕೆಲಸವೇ ಇಲ್ಲ, ಕೊಳೆ ಉಂಡವನ ಪರೀಕ್ಷೆ ಮಾಡಿದರಾಯಿತು. 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಹರಿದು ಬಂತಲ್ಲ, ಆ ಮನೆಯವರ ಮುಂದೆ ಈ ಪ್ರಶ್ನಾವಳಿ ಹಿಡಿದರೆ ಹೇಗಿರುತ್ತದೆ ನೋಡಿ: ‘ಘನತ್ಯಾಜ್ಯ ನಿರ್ವಹಣೆಯ ಕುರಿತು ತಮಗೆ ಎಷ್ಟರ ಮಟ್ಟಿಗೆ ಅರಿವಿದೆ?’ ಕುತ್ತಿಗೆವರೆಗೆ ಅರಿವಿದೆ ಸ್ವಾಮಿ, ಅದಕ್ಕಿಂತ ಮೇಲೆ ಬಂದಿದ್ದರೆ ಉತ್ತರ ಹೇಳಲು ನಾವೇ ಇರುತ್ತಿರಲಿಲ್ಲ.

ಸೋದರಸೊಸೆಯ ಬ್ಯಾಗು ಹೊತ್ತುಕೊಂಡು ನಾನೂ ಒಂದು ದಿನ ಮೀನಿನ ಬೋಟು ಬಂದು ನಿಲ್ಲುವ ದಕ್ಕೆಗೆ ಹೋಗಿದ್ದೆ. ಬೆಳಗಿನ ಏಲಂ ಮುಗಿದಿತ್ತು. ಬುಟ್ಟಿಗೆ ಐಸ್ ಹಾಕಿಕೊಂಡು ಕೂತಿದ್ದ ಒಬ್ಬರು ಹಿರಿಯ ಹೆಂಗಸು ಸಿಕ್ಕಿದರು. ಪ್ರಶ್ನಾವಳಿ ಪುಸ್ತಕದ ಕನ್ನಡದಲ್ಲಿತ್ತು. ಇವಳು ಅದನ್ನು ಮನಸ್ಸಿನಲ್ಲೇ ತುಳು ಮಾಡಿಕೊಂಡು ಕೇಳಬೇಕು, ಅವರು ತುಳುವಿನಲ್ಲಿ ಹೇಳಿದ್ದನ್ನು ಒಂದರಿಂದ ಐದರ ಒಳಗಿನ ಒಂದು ಅಂಕಿ ಮಾಡಬೇಕು. ಒಂದು ಅಂದರೆ ಏನೇನೂ ಅರಿವಿಲ್ಲ, ಐದು ಅಂದರೆ ಸಂಪೂರ್ಣ ಅರಿವಿದೆ.

“ಅಕ್ಕಾ, ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿ 14ರ ಬಗ್ಗೆ ನಿಮಗೆ ಗೊತ್ತುಂಟಾ?”

“ಎಂತದು?”

“ಒಟ್ಟು 17 ಗುರಿ ಉಂಟು. ಅದರಲ್ಲಿ 14ನೆಯದ್ದು ಸಮುದ್ರದ ಜೀವಿಗಳದ್ದು.”

“ನಂಗೆ ಬೂತಾಯಿ ಖಾಲಿ ಮಾಡುವ ಗುರಿ ಉಂಟು ಮಗಾ. ನಿಂಗೆ ಎಷ್ಟು ಹಾಕ್ಲಿ?”

ಪಾಪ, ಸೊಸೆ ಕೈಬಿಡಲಿಲ್ಲ. ಮೀನಿನ ಸಂತತಿ ಉಳಿಸುವುದು ಹೇಗೆ ಅಂತ ಬೇರೆ ಮಾತಿನಲ್ಲಿ ಕೇಳಿದಳು. ಆಗ ನೋಡಿ, ಐಸ್ ಕರಗುವುದೂ ಮರೆತು ಅವರು ಶುರು ಮಾಡಿದರು. ಜೂನ್, ಜುಲೈ ಎರಡು ತಿಂಗಳು ಬೋಟು ಕಟ್ಟಿ ಹಾಕುವುದು ಯಾಕೆ, ಮೊಟ್ಟೆ ಇಡುವ ಮೀನನ್ನು ಹಿಡಿದರೆ ಬರುವ ವರ್ಷ ಹೊಟ್ಟೆಗೆ ಏನು. ರಾತ್ರಿ ಸಮುದ್ರದಲ್ಲಿ ಎಲ್‌ಇಡಿ ಲೈಟು ಉರಿಸಿ ಮರಿಮೀನನ್ನೂ ಬಾಚಿಕೊಂಡು ಹೋಗುವವರಿಂದ ನಾಡದೋಣಿಯವರ ಬಲೆ ಹೇಗೆ ಬರಿದಾಗುತ್ತದೆ. ಮಳೆ ಬಂದ ಮೊದಲ ವಾರ ಅಳಿವೆಯಲ್ಲಿ ಬಲೆ ಹಾಕಿದರೆ ಮೀನಿಗಿಂತ ಹೆಚ್ಚು ಹಾಲಿನ ತೊಟ್ಟೆ ಯಾಕೆ ಬರುತ್ತದೆ. ಅವರ ಮಾವನ ಕಾಲದಲ್ಲಿ ಯಾವ ಮೀನು ಯಾವ ತಿಂಗಳು ಎಷ್ಟು ಹತ್ತಿರ ಬರುತ್ತಿತ್ತು. ಹತ್ತು ಹದಿನೈದು ನಿಮಿಷ ಬಿಡದೆ ಹೇಳಿದರು. ನಾನಂತೂ ಬಾಯಿ ಬಿಟ್ಟು ಕೇಳಿದೆ. ಸೊಸೆ ಹಾಳೆ ತಿರುಗಿಸಿ ತಿರುಗಿಸಿ ನೋಡಿದಳು. ಇದನ್ನೆಲ್ಲ ಹಾಕಲು ಅದರಲ್ಲಿ ಚೌಕ ಇರಲಿಲ್ಲ.

ಗುರಿ 14ರ ಮುಂದೆ ‘1’ ಎಂದು ಬರೆದಳು.

“ಇದೆಂತ ನೀನು? ಅವರು ಇಷ್ಟು ಹೇಳಿದರಲ್ಲ!” ಅಂದೆ.

“ಮಾಮ, ಅದು ಗುಣಾತ್ಮಕ ಆಗ್ತದೆ. ನಂದು ಪರಿಮಾಣಾತ್ಮಕ.”

ಸರಿ, ಅಂಕಿಗಳು ಬಂದವು, ಸಾಫ್ಟ್‌ವೇರಿಗೆ ಹೋದವು, ಕೈ-ಸ್ಕ್ವೇರ್ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆ ಆಗಿ ಹೊರಬಂದವು. ಶಾಲೆಗೆ ಹೋಗದವರಲ್ಲಿ ಸುಸ್ಥಿರತೆಯ ಅರಿವು ಗಣನೀಯವಾಗಿ ಕಡಿಮೆ ಎಂದು ಸಾಬೀತಾಯಿತು. ಹೆಚ್ಚು ಅರಿವು ಕಂಡದ್ದು ಯಾರಲ್ಲಿ ಗೊತ್ತುಂಟಾ? ಎಸಿ ಕಾರಿನಲ್ಲಿ ಬಂದು, ಎರಡು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಅಂಜಲ್ ಕಟ್ಟಿಸಿಕೊಂಡು ಹೋದ ಗಿರಾಕಿಗಳಲ್ಲಿ. ಹೋಲಿಕೆಗೆ ಇರಲಿ ಅಂತ ಅವರಿಗೂ ಹಾಳೆ ಕೊಟ್ಟಿದ್ದಳು. ಒಬ್ಬ ಮಹಾನುಭಾವ 17 ಗುರಿಗಳನ್ನೂ ಬಾಯಿಪಾಠ ಒಪ್ಪಿಸಿ ಐದಕ್ಕೆ ಐದು ತಗೊಂಡ.

ಆರು ತಿಂಗಳಿಗೊಮ್ಮೆ ಸಲಹಾ ಸಮಿತಿ ಕೂರುತ್ತದೆ. ಒಂದು ಸಲ ಇವಳು ಧೈರ್ಯ ಮಾಡಿ, ನಮ್ಮ ತೋಡಿನ ವಾಸನೆಯನ್ನು ಒಂದು ಅಧ್ಯಾಯದಲ್ಲಾದರೂ ತರುತ್ತೇನೆ ಎಂದಳಂತೆ. ‘ಇದರಲ್ಲಿ ಹೊಸತು ಏನು?’ ಎಂದು ಕೇಳಿದರು. ತೋಡು ನಾರುತ್ತದೆ ಸಾರ್. ‘ಮೊದಲೂ ನಾರುತ್ತಿತ್ತಲ್ಲ, ಹೊಸತು ಹೇಗಾಯಿತು?’ ಈ ತೋಡಿನ ಬಗ್ಗೆ ಯಾರೂ ಬರೆದಿಲ್ಲ ಸಾರ್. ‘ಯಾರೂ ಬರೆಯದಿದ್ದರೆ ಹಿಂದಿನ ಅಧ್ಯಯನಗಳ ಬಗ್ಗೆ ನಿನ್ನ ಸಾಹಿತ್ಯ ವಿಮರ್ಶೆಯಲ್ಲಿ ಏನು ಬರೆಯುತ್ತಿ?’ ಅಲ್ಲಿಗೆ ತೋಡು ಎರಡನೆಯ ಸಲ ಸತ್ತಿತು.

ಬರವಣಿಗೆಯ ಕಥೆ ಬೇರೆ. ಕೃತಿಚೌರ್ಯ ತಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲಿ ತಂದ ನಿಯಮದಂತೆ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ 10 ದಾಟಬಾರದು. ಒಳ್ಳೆಯ ನಿಯಮವೇ. ಆದರೆ ಹೋಲಿಕೆ ಹುಡುಕುವ ಯಂತ್ರಕ್ಕೆ ಕಳ್ಳನೂ ಒಂದೇ, ನದಿಯೂ ಒಂದೇ. ‘ನೇತ್ರಾವತಿ ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಅರಬ್ಬೀ ಸಮುದ್ರ ಸೇರುತ್ತದೆ’ ಎಂಬ ವಾಕ್ಯಕ್ಕೆ ಕೆಂಪು ಬಂತು. ಯಾರೋ ಮೊದಲೇ ಬರೆದಿದ್ದಾರಂತೆ. ಬರೆಯದೆ ಇರ್ತಾರಾ, ನದಿ ಅಲ್ಲೇ ಹುಟ್ಟುವುದಲ್ಲವಾ? ಕೊನೆಗೆ ಇವಳು ರಾತ್ರಿ ಕೂತು ತಿದ್ದಿದಳು: ‘ಅರಬ್ಬೀ ಸಮುದ್ರವು ಸ್ವೀಕರಿಸುವ ಸದರಿ ನೀರು ಘಟ್ಟದ ಎತ್ತರಗಳಿಂದ ಇಳಿದು ಬಂದಿರುವುದಾಗಿ ಕಂಡುಬರುತ್ತದೆ.’ ಯಂತ್ರ ಒಪ್ಪಿತು. ನದಿಗೆ ಅರ್ಥವಾಯಿತೋ ಗೊತ್ತಿಲ್ಲ.

ಹಾಗೆಯೇ ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗದ 1987ರ ವ್ಯಾಖ್ಯಾನ. ನಾಳಿನವರ ಪಾಲಿಗೆ ಕುತ್ತು ತಾರದೆ ಇಂದಿನವರು ತಮ್ಮ ಅಗತ್ಯ ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ ಅಂತ. ಸುಸ್ಥಿರತೆಯ ಮಹಾಪ್ರಬಂಧ ಶುರುವಾಗುವುದೇ ಇದರಿಂದ. ಎಷ್ಟು ಜನ ಎತ್ತಿಕೊಂಡರೂ ಮುಗಿಯದ ಸಂಪನ್ಮೂಲ ಅಂತ ಒಂದಿದ್ದರೆ ಅದು ಈ ವಾಕ್ಯವೇ ಇರಬೇಕು.

ಜರ್ನಲ್‌ನಲ್ಲಿ ಲೇಖನ? ಯುಜಿಸಿಯ 2022ರ ನಿಯಮದಲ್ಲಿ ಅದರ ಕಡ್ಡಾಯ ಹೋಯಿತು. ಮದುವೆ ಕಾಗದದಲ್ಲಿ ‘ಆಶೀರ್ವಾದವೇ ಉಡುಗೊರೆ’ ಅಂತ ಹಾಕುತ್ತಾರಲ್ಲ, ಹಾಗೆ. ಬರಿಗೈಯಲ್ಲಿ ಹೋಗಿ ಊಟಕ್ಕೆ ಕೂರುವ ಧೈರ್ಯ ಯಾರಿಗುಂಟು?

ಪ್ರಬಂಧದ ಕೊನೆಗೆ ಸಲಹೆಗಳು ಇರಬೇಕು. ಇವಳ ಮೊದಲ ಸಲಹೆ: ಮೀನುಗಾರ ಮಹಿಳೆಯರಿಗೆ ಅರಿವು ಮೂಡಿಸುವ ಕಾರ್ಯಕ್ರಮ ಹಮ್ಮಿಕೊಳ್ಳಬೇಕು. ಜೂನ್ 5ರ ಪರಿಸರ ದಿನಕ್ಕೆ ಹಮ್ಮಿಕೊಂಡೇ ಬಿಟ್ಟರು. ಬೆಂಗಳೂರಿನಿಂದ ಅತಿಥಿಗಳು ವಿಮಾನದಲ್ಲಿ ಬಜ್ಪೆಗೆ ಇಳಿದರು. ವೇದಿಕೆಯ ಹಿಂದೆ ಇಪ್ಪತ್ತಡಿ ಫ್ಲೆಕ್ಸು, ಮೇಜಿನ ಮೇಲೆ ಅರ್ಧ ಲೀಟರಿನ ನೀರಿನ ಬಾಟಲು, ಸೆಲ್ಲೋಫೇನ್ ಸುತ್ತಿದ ಹೂಗುಚ್ಛ. ಕುಂಡದ ಗಿಡಕ್ಕೆ ನೀರೆರೆದು ಉದ್ಘಾಟನೆ. ಹೊರಗೆ ಮಳೆ ಆಕಾಶವೇ ತೂತಾದ ಹಾಗೆ ಸುರಿಯುತ್ತಿತ್ತು. ಒಳಗೆ ಏಳು ಮಂದಿ ಗಣ್ಯರು ಸಾಲಾಗಿ ನಿಂತು ಒಂದೇ ಕ್ರೋಟನ್ ಗಿಡಕ್ಕೆ ಏಳು ಚೊಂಬು ನೀರು ಹೊಯ್ದರು. ಬೋಟು ಕಟ್ಟಿದ ತಿಂಗಳಲ್ಲವಾ, ಹೆಂಗಸರೂ ಬಂದಿದ್ದರು. ಮೀನುಗಾರಿಕೆಗೆ ರಜೆ ಯಾಕೆ ಬೇಕು ಎಂದು ಅತಿಥಿಗಳು ಅವರಿಗೆ ಮುಕ್ಕಾಲು ಗಂಟೆ ವಿವರಿಸಿದರು.

ಇಷ್ಟೆಲ್ಲ ಆದಮೇಲೆ ಪ್ರಬಂಧ ಒಪ್ಪಿಸುವ ದಿನ. ಹಾಳೆಯ ಒಂದೇ ಬದಿಗೆ ಮುದ್ರಣ, ಸಾಲುಗಳ ನಡುವೆ ಕೋಣ ಓಡಿಸುವಷ್ಟು ಜಾಗ, ರೆಕ್ಸಿನ್ ಹೊದಿಕೆ, ಬಂಗಾರದ ಅಕ್ಷರ, ಐದು ಪ್ರತಿ. ‘ಎರಡೂ ಬದಿಗೆ ಹೊಡೆದರೆ ಅರ್ಧ ಕಾಗದ ಉಳಿಯುತ್ತದಲ್ಲ’ ಎಂದು ಕೇಳಿದ್ದಕ್ಕೆ ಕಚೇರಿಯ ಗುಮಾಸ್ತರು, ‘ಸುಸ್ಥಿರತೆ ಒಳಗೆ ಬರೀರಿ, ಹೊರಗೆ ಫಾರ್ಮ್ಯಾಟ್ ಪ್ರಕಾರ ಇರಲಿ’ ಎಂದರಂತೆ.

ಮೊನ್ನೆ ಮೀನಿಗೆ ಹೋದಾಗ ಅದೇ ಹೆಂಗಸು ಸೊಸೆಯ ಗುರ್ತ ಹಿಡಿದರು.

“ಏನು ಮಗಾ, ಪುಸ್ತಕ ಆಯ್ತಾ? ನಾನು ಹೇಳಿದ್ದು ಬರೆದಿದ್ದಿಯಾ?”

ಸೊಸೆ ನನ್ನ ಮುಖ ನೋಡಿದಳು.

“ಉಂಟು ಅಕ್ಕಾ. ಅನುಬಂಧದಲ್ಲಿ ಉಂಟು.”

“ಎಂತ ಅಂತ ಉಂಟು?”

“ನಿಮ್ಮ ನಂಬರ್ 87. ಅದರ ಮುಂದೆ... ಒಂದು.”

“ಒಂದಾ?” ಅವರು ಪಕ್ಕದ ಬುಟ್ಟಿಯವಳ ಕಡೆಗೆ ತಿರುಗಿ ಗಟ್ಟಿಯಾಗಿಯೇ ಕೂಗಿದರು, “ಕೇಳಿದ್ಯನಾ? ಒಂದನೇ ನಂಬರು ಬಂದದ್ದು ನಂಗೆ!” ಎಂದವರೇ, ತೂಗಿ ಹಾಕಿದ ಬಂಗುಡೆಯ ಮೇಲೆ ಎರಡು ಹೆಚ್ಚು ಹಾಕಿದರು. ಸೊಸೆ ತೊಟ್ಟೆ ಬೇಡ ಅಂತ ಚೀಲ ಬಿಡಿಸಿ ಹಿಡಿದಳು.