ಯಾರು ನೋಡ್ಲಿಕ್ಕುಂಟು, ನೋಡಿದವರು ಎಂತ ಹೇಳ್ತಾರೆ

ನಮ್ಮ ಮನೆಯಲ್ಲಿ ಮಕ್ಕಳ ಬಟ್ಟೆಬರೆಯ ಸಂಪೂರ್ಣ ಅಧಿಕಾರ ಅಮ್ಮನದಾಗಿತ್ತು, ಮತ್ತು ಆ ಅಧಿಕಾರವನ್ನು ಅವಳು ಎರಡೇ ಎರಡು ವಾಕ್ಯಗಳ ಬಲದಿಂದ ನಡೆಸಿಕೊಂಡು ಬಂದಳು. ನನಗೆ ಒಪ್ಪಿಗೆಯಿಲ್ಲದ್ದನ್ನು ತೊಡಿಸಬೇಕಾದಾಗ "ನಿನ್ನನ್ನು ಯಾರು ನೋಡ್ಲಿಕ್ಕುಂಟು?" ಎನ್ನುತ್ತಿದ್ದಳು, ನಾನು ಆಸೆಪಟ್ಟದ್ದನ್ನು ಬಿಡಿಸಬೇಕಾದಾಗ "ನೋಡಿದವರು ಎಂತ ಹೇಳ್ತಾರೆ?" ಎನ್ನುತ್ತಿದ್ದಳು. ಹೀಗಾಗಿ ಲೋಕದಲ್ಲಿ ಯಾರೊಬ್ಬರ ಕಣ್ಣಿಗೂ ಬೀಳದವಳು ನಾನು ಎಂಬುದನ್ನೂ, ಉಡುಪಿಯ ರಥಬೀದಿಯ ಸಮಸ್ತರೂ ನನ್ನ ಲಂಗದ ಅಂಚನ್ನೇ ದಿಟ್ಟಿಸುತ್ತಿದ್ದಾರೆ ಎಂಬುದನ್ನೂ ಒಟ್ಟೊಟ್ಟಿಗೆ ನಂಬಿಕೊಂಡೇ ನಾನು ಬೆಳೆದೆ. ಮಧ್ವಾಚಾರ್ಯರ ಊರಿನವರಿಗೆ ದ್ವೈತ ಹೊಸದೇನಲ್ಲ, ಆದರೂ ಮೂರನೆಯ ತರಗತಿಯ ಹುಡುಗಿಗೆ ಅದು ತುಸು ಭಾರವೇ.

ಅಮ್ಮನಿಗೆ ಅಭಿರುಚಿ ಇರಲಿಲ್ಲವೆಂದು ಯಾರೂ ಭಾವಿಸಬಾರದು. ಅವಳು ಉಡುತ್ತಿದ್ದದ್ದು ಉಡುಪಿಯ ಕೈಮಗ್ಗದ ಹತ್ತಿ ಸೀರೆ. ಈಗ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಆ ಸೀರೆಯನ್ನುಟ್ಟು, ಮುಡಿಗೆ ಶಂಕರಪುರದ ಮಲ್ಲಿಗೆ ಸಿಕ್ಕಿಸಿಕೊಂಡು ಅವಳು ಹೊರಟರೆ ನೆರೆಮನೆಯವರು ಗೇಟಿನವರೆಗೆ ಬಂದು ಅಂಚನ್ನು ಮುಟ್ಟಿ ನೋಡುತ್ತಿದ್ದರು. ಮಕ್ಕಳ ಬಟ್ಟೆಯನ್ನು ಮಾತ್ರ ಅವಳು ಬೇರೆಯೇ ತತ್ತ್ವದ ಮೇಲೆ ಆರಿಸುತ್ತಿದ್ದಳು. ಕೊಳೆ ಕಾಣಬಾರದು, ಕನಿಷ್ಠ ಎರಡು ವರ್ಷ ಬರಬೇಕು, ಆಮೇಲೆ ತಂಗಿಗೂ ಆಗಬೇಕು. ಇಷ್ಟನ್ನು ಪಾಲಿಸಿದ ಮೇಲೆ ಜಗತ್ತಿನಲ್ಲಿ ಉಳಿಯುವುದು ಮಣ್ಣಿನ ಬಣ್ಣದ, ಮೊಣಕಾಲು ದಾಟಿ ಇಳಿಯುವ, ಹೆಗಲು ತೋಳಿಗೆ ಜಾರುವ ಅಂಗಿಯೊಂದೇ. ಲಂಗದ ಅಂಚಿನಲ್ಲಿ ಬೇಕೆಂದೇ ಅಗಲವಾಗಿ ಒಳಕ್ಕೆ ಮಡಿಸಿ ಹೊಲಿಸಿದ ಬಟ್ಟೆಯಿರುತ್ತಿತ್ತು. ಪ್ರತಿ ಬೇಸಗೆ ರಜೆಯಲ್ಲಿ ಅಮ್ಮ ಆ ಹೊಲಿಗೆ ಬಿಚ್ಚಿ ಒಂದು ಮಡಿಕೆ ಇಳಿಸುತ್ತಿದ್ದಳು. ಮೇಲಿನ ಬಟ್ಟೆ ಒಗೆದೊಗೆದು ಮಾಸಿರುತ್ತಿತ್ತು, ಹೊಸದಾಗಿ ಹೊರಬಿದ್ದ ಪಟ್ಟಿ ಮಾತ್ರ ಅಂಗಡಿಯಿಂದ ತಂದ ದಿನದಂತೆ ಹೊಳೆಯುತ್ತಿತ್ತು. ನಾನು ಆ ವರ್ಷ ಎಷ್ಟು ಬೆಳೆದೆ ಎಂಬುದು ಹೀಗೆ ಊರಿಗೆಲ್ಲ ತಿಳಿಯುತ್ತಿತ್ತು. ಬೆಳೆಯದ ವರ್ಷವೂ ತಿಳಿಯುತ್ತಿತ್ತು.

ಮಳೆಗಾಲದ ಕಷ್ಟವೇ ಬೇರೆ. ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ ಜೂನ್ ತಿಂಗಳಲ್ಲಿ ಒಗೆದ ಯೂನಿಫಾರ್ಮು ತಾನಾಗಿ ಒಣಗುವುದನ್ನು ಕಾಯುತ್ತ ಕೂತರೆ ನಾವು ಚೌತಿ ಹಬ್ಬದವರೆಗೆ ಶಾಲೆಗೆ ಹೋಗುವಂತಿರಲಿಲ್ಲ. ಆದ್ದರಿಂದ ಅದನ್ನು ಬಚ್ಚಲಿನಲ್ಲಿ, ನೀರು ಕಾಯಿಸುವ ಹಂಡೆಯ ಮೇಲ್ಗಡೆ ಹಗ್ಗಕ್ಕೆ ಹರವಲಾಗುತ್ತಿತ್ತು. ಒಲೆಗೆ ತುರುಕಿದ ತೆಂಗಿನ ಮಡಲೂ ಸಿಪ್ಪೆಯೂ ಅರೆಬರೆ ಹಸಿಯಾಗಿಯೇ ಇರುತ್ತಿದ್ದುದರಿಂದ ಬಟ್ಟೆ ಒಣಗುವುದಕ್ಕೆ ಮೊದಲೇ ಹೊಗೆ ಕುಡಿದಿರುತ್ತಿತ್ತು. ಒಂದು ದಿನ ಪಕ್ಕದ ಬೆಂಚಿನ ಹುಡುಗಿ ನನ್ನ ತೋಳನ್ನು ಮೂಸಿ, "ನಿಮ್ಮಲ್ಲಿ ಬೆಳಿಗ್ಗೆ ಹಲಸಿನ ಹಪ್ಪಳ ಸುಟ್ಟದ್ದಾ?" ಎಂದು ಬಹಳ ಆಸೆಯಿಂದ ಕೇಳಿದಳು. ಅರ್ಧ ತರಗತಿ ಅದೇ ವಾಸನೆ ಹೊತ್ತು ಬಂದಿತ್ತೆಂದು ಈಗ ಹೊಳೆಯುತ್ತದೆ. ಆಗ ಮಾತ್ರ, ನೋಡಿದವರು ಏನೆನ್ನುತ್ತಾರೋ ಎಂಬ ಹೆದರಿಕೆಯ ಜೊತೆಗೆ ಮೂಸಿದವರು ಏನೆನ್ನುತ್ತಾರೋ ಎಂಬುದೊಂದು ಸೇರಿಕೊಂಡಿತು.

ಅಪ್ಪನಿಗೆ ಈ ಖಾತೆಯಲ್ಲಿ ಮಾತಿಲ್ಲ. ಅಣ್ಣ ಖಾಕಿ ಚಡ್ಡಿ ತನಗೆ ಬೇಡವೇ ಬೇಡವೆಂದು ಅತ್ತಾಗ ಅಪ್ಪ ಅವನನ್ನು ಹತ್ತಿರ ಕೂರಿಸಿಕೊಂಡು, 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು, ಮುಂದೆ ಅವರ ನೇಯ್ಗೆ ಕಾರ್ಖಾನೆಯಲ್ಲಿ ಖಾಕಿ ಬಟ್ಟೆ ತಯಾರಾದದ್ದು ಮುಂತಾದ ಇತಿಹಾಸವನ್ನು ಸಾವಕಾಶವಾಗಿ ವಿವರಿಸಿದರು. ಅಣ್ಣನಿಗೆ ಬೇಕಾಗಿದ್ದದ್ದು ನೀಲಿ ಚಡ್ಡಿ.

ಉಡುಪಿ ಇನ್ನೂ ಜಿಲ್ಲೆಯಾಗಿರದ, ಅಂದರೆ 1997ಕ್ಕೂ ಹಿಂದಿನ ಒಂದು ಅಷ್ಟಮಿಗೆ ಅಮ್ಮ ಮತ್ತು ಚಿಕ್ಕಮ್ಮಂದಿರು ಸೇರಿ, ಒಟ್ಟಿಗೆ ಕೊಂಡರೆ ದರ ಕಡಿಮೆಯೆಂದು, ಒಂದೇ ಥಾನಿನಿಂದ ಹಸಿರು ಹೂವಿನ ಬಟ್ಟೆ ಹರಿಸಿ ತಂದರು. ಹುಡುಗಿಯರಿಗೆ ಫ್ರಾಕು, ಹುಡುಗರಿಗೆ ಅಂಗಿ, ಮಿಕ್ಕ ತುಂಡಿನಲ್ಲಿ ತಲೆದಿಂಬಿಗೆ ಚೀಲ. ಮರುದಿನ ವಿಟ್ಲಪಿಂಡಿ. ಮೊಸರು ಕುಡಿಕೆ ಒಡೆಯುವುದನ್ನೂ ಮಣ್ಣಿನ ಕೃಷ್ಣನ ಮೂರ್ತಿ ರಥದಲ್ಲಿ ಬರುವುದನ್ನೂ ನೋಡಲು ನಿಂತಿದ್ದ ಜನಸಾಗರದಲ್ಲಿ, ನಾನು ತಾಸೆಯ ಪೆಟ್ಟಿಗೆ ಕುಣಿಯುತ್ತಿದ್ದ ಹುಲಿವೇಷದವರ ಹಿಂದೆ ಹೋಗಿ ತಪ್ಪಿಸಿಕೊಂಡೆ. ಯಾರೋ ಪುಣ್ಯಾತ್ಮರು ನನ್ನನ್ನು ಮೈಕಿನವರಲ್ಲಿಗೆ ಒಯ್ದರು. ನನ್ನ ಹೆಸರು ಅಳುವಿನಲ್ಲಿ ಮುಳುಗಿಹೋದ ಕಾರಣ "ಹಸಿರು ಹೂವಿನ ಅಂಗಿ ತೊಟ್ಟ ಮಗುವೊಂದು ಸಿಕ್ಕಿದೆ" ಎಂಬ ಘೋಷಣೆಯಷ್ಟೇ ಹೊರಟಿತು. ಅದನ್ನು ಅರೆಬರೆ ಕೇಳಿಸಿಕೊಂಡ ಸ್ವಯಂಸೇವಕರು, ಚಿಕ್ಕಪ್ಪನ ಕೈ ಹಿಡಿದು ನೆಮ್ಮದಿಯಿಂದ ಚಕ್ಕುಲಿ ತಿನ್ನುತ್ತಿದ್ದ ತಂಗಿಯನ್ನೂ, ದೊಡ್ಡಮ್ಮನ ಪಕ್ಕದಲ್ಲಿದ್ದ ಅಣ್ಣನನ್ನೂ ಎಳೆದು ತಂದು ನನ್ನ ಪಕ್ಕ ನಿಲ್ಲಿಸಿದರು. ಕಡೆಗೆ ಅಮ್ಮ ಜನರನ್ನು ಸೀಳಿಕೊಂಡು ಬಂದಳು. ನನ್ನನ್ನು ಬಾಚಿಕೊಳ್ಳಲು ಬಗ್ಗಿದವಳಿಗೆ ಫ್ರಾಕಿನ ಮೇಲೆ ಹತ್ತಿದ್ದ ಹುಲಿಯ ಹಳದಿ ಬಣ್ಣ ಕಾಣಿಸಿತು. "ಇದೆಂತದು ಅವಸ್ಥೆ? ನೋಡಿದವರು ಎಂತ ಹೇಳ್ತಾರೆ?" ನೋಡುವವರು ಆಗ ಸಾವಿರಾರು ಮಂದಿ ಇದ್ದರು, ಹೇಳುವುದನ್ನು ಮೈಕಿನವರೇ ಹೇಳಿ ಮುಗಿಸಿದ್ದರು. ನನ್ನನ್ನು ಕಾಡಿದ ಸಂಗತಿ ಬೇರೆ. ಅಷ್ಟೆಲ್ಲ ವರ್ಣನೆಯಲ್ಲಿ ನನ್ನ ಮುಖದ ಪ್ರಸ್ತಾಪವೇ ಇರಲಿಲ್ಲ.

ಕಾಲೇಜಿಗೆ ಮಂಗಳೂರು ಸೇರಿದಾಗ ಹಂಪನಕಟ್ಟೆಯ ಅಂಗಡಿಯೊಂದಕ್ಕೆ ನಾನೊಬ್ಬಳೇ, ನನ್ನದೇ ದುಡ್ಡು ಹಿಡಿದು ಹೋದೆ. ಇಂಥ ಗಳಿಗೆಯಲ್ಲಿ ಮನುಷ್ಯರು ಕಡುಗೆಂಪು ಕೊಳ್ಳುತ್ತಾರೆಂದು ಕೇಳಿದ್ದೇನೆ. ನಾನು ಕಪಾಟಿನ ಉದ್ದಕ್ಕೂ ನಡೆದು, ಎಲ್ಲವನ್ನೂ ಮುಟ್ಟಿ, ಕೊನೆಗೆ ಮಣ್ಣಿನ ಬಣ್ಣದ ಚೂಡಿದಾರವೊಂದನ್ನು ಎತ್ತಿಕೊಂಡೆ. "ಇದು ನಿಮಗೆ ದೊಡ್ಡದಾಗ್ತದೆ ಅಕ್ಕ" ಎಂದ ಅಂಗಡಿಯ ಹುಡುಗಿಗೆ, ಮತ ಚಲಾಯಿಸುವ ವಯಸ್ಸು ದಾಟಿದ್ದ ನಾನು, "ಇರಲಿ, ಬೆಳೆಯುವ ಪ್ರಾಯ ಅಲ್ವಾ" ಎಂದೆ. ಅಮ್ಮ ಅಲ್ಲಿರಲಿಲ್ಲ, ಇರುವ ಅಗತ್ಯವೂ ಕಾಣಲಿಲ್ಲ. ಕನ್ನಡಿಯಲ್ಲಿ ಕಾಣುವ ನನ್ನ ಅಳತೆಯನ್ನು ಇಂದಿಗೂ ನಾನು ಪೂರ್ತಿ ನಂಬುವುದಿಲ್ಲ, ಸರಿಯಾಗಿ ಹೊಂದುವ ಬಟ್ಟೆ ತೊಟ್ಟರೆ ಯಾರದೋ ಬಟ್ಟೆಯನ್ನು ಕೇಳದೆ ತೊಟ್ಟ ಹಾಗನಿಸುತ್ತದೆ. ದುಡ್ಡು ಅಷ್ಟಕ್ಕಷ್ಟೇ ಇದ್ದ ಮನೆಯಲ್ಲಿ ಅಮ್ಮನ ಲೆಕ್ಕ ತಪ್ಪಾಗಿರಲಿಲ್ಲವೆಂದು ಒಪ್ಪುತ್ತೇನೆ. ಆದರೆ ದುಡ್ಡಿಲ್ಲವೆಂದು ನೇರವಾಗಿ ಹೇಳಿಬಿಟ್ಟಿದ್ದರೆ ನನಗೆ ಅರ್ಥವಾಗುತ್ತಿತ್ತು. ಮಗುವಿಗೆ ಬಡತನ ತಿಳಿಯಬಾರದೆಂದು ಅದನ್ನು ಮಗುವಿನ ರೂಪದ ಮೇಲೆ ಹೊರಿಸಿದ್ದು ಮಾತ್ರ ದುಬಾರಿಯಾಯಿತು. ಇದನ್ನು ಒಮ್ಮೆ ಧೈರ್ಯ ಮಾಡಿ ಅವಳೆದುರು ಹೇಳಿದಾಗ ಅಮ್ಮ ಬೀನ್ಸ್ ಹೆಚ್ಚುವುದನ್ನು ನಿಲ್ಲಿಸದೆ, "ನಾನು ಯಾವಾಗ ಹಾಗೆ ಹೇಳಿದ್ದು ಮಾರಾಯ್ತಿ? ಮೊದಲು ಆ ಶಾಲು ಸರಿ ಮಾಡು" ಎಂದಳು.

ಕಳೆದ ವರ್ಷ ಮನೆಯ ಮದುವೆಗೆಂದು ಊರಿನ ಟೈಲರ್ ಬಳಿ ರವಿಕೆ ಹೊಲಿಯಲು ಕೊಟ್ಟೆ. ಅಳತೆ ತೆಗೆದದ್ದು ಅವರೇ, ಒಪ್ಪಿದ್ದು ನಾನೇ. ಆದರೂ ಬಂದ ರವಿಕೆಯೊಳಗೆ ನಾನೂ ತಂಗಿಯೂ ಒಟ್ಟಿಗೆ ಹೊಕ್ಕಬಹುದಿತ್ತು. ಕೇಳಿದ್ದಕ್ಕೆ ಅವರು ಎಣ್ಣೆ ಹಿಡಿದ ಹಳೆಯ ಪುಸ್ತಕ ತೆರೆದು, ನನ್ನ ಹೆಸರಿನ ಮುಂದೆ ಎಂದೋ ಬರೆದ ಸಾಲನ್ನು ಬೆರಳಿಟ್ಟು ತೋರಿಸಿದರು. ಎರಡು ಇಂಚು ಹೆಚ್ಚು, ಯಾವಾಗಲೂ. ಅದನ್ನು ಈಗ ಹೊಡೆದುಹಾಕಿ ಎಂದೆ. ಅವರು ಕಿವಿಯ ಮೇಲಿನ ಪೆನ್ಸಿಲನ್ನು ಮುಟ್ಟಲೂ ಇಲ್ಲ.

"ಹೊಡೆದುಹಾಕ್ಲಿಕ್ಕೆ ಅಡ್ಡಿ ಇಲ್ಲ. ಅಮ್ಮನ ಹತ್ರ ಒಂದು ಫೋನ್ ಮಾಡಿಸಿ."